ಹಳೇ ಹಾಯಿಯ ಅಳತೆಗೇ ಹೊಸ ಹಾಯಿ ಹೊಲಿಸಬೇಡಿ

ಅಂಗಿ ಹೊಲಿಸಲು ಹೋದಾಗ ಒಂದು ಸುಲಭದ ದಾರಿ ಇದೆ. ಮೈಗೆ ಸರಿಯಾಗಿ ಕೂರುವ ಹಳೇ ಅಂಗಿಯನ್ನು ಟೈಲರ್ ಕೈಗೆ ಕೊಟ್ಟು ‘ಇದೇ ಅಳತೆಗೆ ಇನ್ನೊಂದು’ ಅಂದರೆ ಮುಗಿಯಿತು. ಹಾಯಿದೋಣಿ ಇಟ್ಟುಕೊಂಡ ಎಷ್ಟೋ ಜನ ಹೊಸ ಹಾಯಿಗೂ ಇದನ್ನೇ ಮಾಡುತ್ತಾರೆ. ಹಳೆಯದನ್ನು ಇಳಿಸಿ, ನೆಲದ ಮೇಲೆ ಹರಡಿ, ಮೂರೂ ಅಂಚುಗಳ ಉದ್ದ ಅಳೆದು ಬರೆದು ಕಳಿಸುತ್ತಾರೆ. ಎಡವಟ್ಟಾಗುವುದು ಇಲ್ಲೇ. ಹಾಯಿ ಬದಲಿಸುವ ಹೊತ್ತು ಬಂದಿದೆ ಅಂದರೆ ಅದು ಜೋತುಬಿದ್ದಿದೆ ಅಂತಲೇ ಅಲ್ವಾ? ಹಿಂದಿನ ಅಂಚು ಹಿಗ್ಗಿರುತ್ತದೆ. ಮುಂದಿನ ಅಂಚಿನೊಳಗೆ ಹಗ್ಗ ಹೊಲಿದಿದ್ದರೆ ಅದು ಕುಗ್ಗಿರುತ್ತದೆ. ಆ ಅಳತೆ ಹಾಯಿಯದ್ದೂ ಅಲ್ಲ, ದೋಣಿಯದ್ದೂ ಅಲ್ಲ.

ಅಳತೆ ತೆಗೆಯಬೇಕಾದ್ದು ದೋಣಿಯಿಂದ. ಜೊತೆಗೆ ಇನ್ನೊಂದು ಅಳತೆಯೂ ಬೇಕು: ನೀವು ದೋಣಿಯನ್ನು ಹೇಗೆ ಓಡಿಸುತ್ತೀರಿ ಅನ್ನುವುದು. ಇವೆರಡು ಸರಿ ಇದ್ದರೆ ಸಾಧಾರಣ ಬಟ್ಟೆಯಿಂದಲೂ ಒಳ್ಳೆಯ ಹಾಯಿ ಬರುತ್ತದೆ. ಇವು ತಪ್ಪಿದರೆ ಎಷ್ಟು ದುಬಾರಿ ಬಟ್ಟೆ ಹಾಕಿಸಿದರೂ ಅಷ್ಟೇ.

ನಾನಿಲ್ಲಿ ಹೇಳುತ್ತಿರುವುದು ಕ್ರೂಸಿಂಗ್ ದೋಣಿಗಳ ಬಗ್ಗೆ. ಅಂದರೆ ಪಂದ್ಯಕ್ಕಲ್ಲ, ತಿರುಗಾಟಕ್ಕೆ ಇಟ್ಟುಕೊಂಡ ದೋಣಿಗಳು. ಸಾಮಾನ್ಯವಾಗಿ ಇಬ್ಬರೋ ಮೂವರೋ ನಡೆಸುವಂಥವು. ಪಂದ್ಯದವರಿಗೆ ವೇಗ ಮುಖ್ಯ. ತಿರುಗಾಟದವರಿಗೆ ಹಾಯಿ ವರ್ಷಗಟ್ಟಲೆ ಬಾಳಬೇಕು, ಕಡಿಮೆ ಕೈಗಳಲ್ಲಿ ಏರಿಸಿ ಇಳಿಸುವಂತಿರಬೇಕು.

ಮೊದಲು ನಾಲ್ಕು ಹೆಸರು ತಿಳಿದಿರಲಿ. ಮುಂದೆ ಪದೇಪದೇ ಬರುತ್ತವೆ. ದೋಣಿಯ ನಡುವೆ ನಿಂತಿರುವ ಎತ್ತರದ ಕಂಬ ಮಾಸ್ಟ್. ಅದರ ಬುಡದಲ್ಲಿ ಹಿಂದಕ್ಕೆ ಅಡ್ಡಲಾಗಿ ಚಾಚಿರುವ ಕೊಳವೆ ಬೂಮ್. ಇವೆರಡರ ನಡುವೆ ಏರುವ ತ್ರಿಕೋನದ ಹಾಯಿಯೇ ಮೇನ್‌ಸೇಲ್. ಮಾಸ್ಟ್‌ನಿಂದ ದೋಣಿಯ ಮೂತಿಗೆ ಬಿಗಿದ ತಂತಿ ಫೋರ್‌ಸ್ಟೇ, ಅದರ ಮೇಲೆ ಏರುವುದು ಮುಂದಿನ ಹಾಯಿ. ಅದು ಚಿಕ್ಕದಿದ್ದರೆ ಜಿಬ್, ಮಾಸ್ಟ್ ದಾಟಿ ಹಿಂದಕ್ಕೆ ಬರುವಷ್ಟು ದೊಡ್ಡದಿದ್ದರೆ ಜೆನೋವಾ. ಹಾಯಿಯ ಮುಂದಿನ ಅಂಚು ಲಫ್, ಹಿಂದಿನ ಅಂಚು ಲೀಚ್, ಕೆಳಗಿನದು ಫುಟ್. ಹಾಯಿಯನ್ನು ಮೇಲೆಳೆಯುವ ಹಗ್ಗ ಹ್ಯಾಲ್ಯಾರ್ಡ್. ನಾಲ್ಕು ಅಂದೆ, ಹತ್ತಾಯಿತು. ಇರಲಿ.

ನಿಜಕ್ಕೂ ಹೊಸದು ಬೇಕಾ?

ಹಾಯಿ ಹರಿದರೆ ಎಲ್ಲರಿಗೂ ಗೊತ್ತಾಗುತ್ತದೆ. ಆಕಾರ ಕೆಟ್ಟರೆ ಗೊತ್ತಾಗುವುದಿಲ್ಲ, ಏಕೆಂದರೆ ಅದು ದಿನಾ ಸ್ವಲ್ಪ ಸ್ವಲ್ಪವೇ ಕೆಡುತ್ತದೆ.

ಹಾಯಿ ಕೆಲಸ ಮಾಡುವುದು ವಿಮಾನದ ರೆಕ್ಕೆಯ ಹಾಗೆ. ಗಾಳಿ ಹಿಂದಿನಿಂದ ಬರುವಾಗ ಏನು ಕಟ್ಟಿದರೂ ದೋಣಿ ಹೋಗುತ್ತದೆ. ಗಾಳಿ ಬರುವ ಕಡೆಗೇ ಓರೆಯಾಗಿ ಸಾಗಬೇಕಾದಾಗ ಹಾಯಿಗೆ ಸರಿಯಾದ ಬಾಗು ಇರಲೇಬೇಕು. ಈ ಬಾಗನ್ನು ನಾನು ಹಾಯಿಯ ಹೊಟ್ಟೆ ಅನ್ನುತ್ತೇನೆ. ಹೊಟ್ಟೆ ಎಷ್ಟು ಆಳವಿದೆ, ಅತಿ ಆಳದ ಜಾಗ ಎಲ್ಲಿದೆ ಅನ್ನುವುದು ಮುಖ್ಯ. ಒಂದು ಎತ್ತರದಲ್ಲಿ ಲಫ್‌ನಿಂದ ಲೀಚ್‌ಗೆ ನೇರ ದಾರ ಎಳೆದಿದ್ದೀರಿ ಅಂದುಕೊಳ್ಳಿ. ದಾರದ ಉದ್ದ 3 ಮೀಟರ್, ಅಲ್ಲಿಂದ ಬಟ್ಟೆ 36 ಸೆಂಟಿಮೀಟರ್ ದೂರಕ್ಕೆ ಉಬ್ಬಿದೆ. ಹಾಗಾದರೆ ಹೊಟ್ಟೆಯ ಆಳ 12%. ಕ್ರೂಸಿಂಗ್ ಹಾಯಿಗೆ ಇದು ಒಳ್ಳೆಯ ಅಂಕಿ. ಹೊಸ ಮೇನ್‌ಸೇಲ್‌ನಲ್ಲಿ ಅತಿ ಆಳದ ಜಾಗ ಮುಂದಿನ ಅಂಚಿನಿಂದ 40-45% ದೂರದಲ್ಲಿರುತ್ತದೆ. ಮುಂದಿನ ಹಾಯಿಯಲ್ಲಿ ಅದಕ್ಕಿಂತ ಇನ್ನೂ ಸ್ವಲ್ಪ ಮುಂದೆ.

ಬಟ್ಟೆ ಹಿಗ್ಗುತ್ತಾ ಹೋದಂತೆ ಹೊಟ್ಟೆ ದೊಡ್ಡದಾಗುತ್ತದೆ, ಹಿಂದಕ್ಕೂ ಸರಿಯುತ್ತದೆ. ಲೀಚ್ ಕೊಕ್ಕೆಯ ಹಾಗೆ ಒಳಕ್ಕೆ ಬಾಗುತ್ತದೆ. ಆಗ ಗಾಳಿಯ ಬಲ ದೋಣಿಯನ್ನು ಮುಂದಕ್ಕೆ ತಳ್ಳುವುದು ಬಿಟ್ಟು ಪಕ್ಕಕ್ಕೆ ವಾಲಿಸುತ್ತದೆ. ಚುಕ್ಕಾಣಿ ಭಾರವಾಗುತ್ತದೆ, ದೋಣಿ ಸುಮ್ನೆ ಗಾಳಿಯ ಕಡೆಗೆ ಮೂತಿ ತಿರುಗಿಸುತ್ತಿರುತ್ತದೆ. ಓಡಿಸುವವರು ಗಾಳಿ ಜಾಸ್ತಿಯಾಯಿತು ಅಂದುಕೊಂಡು ಹಾಯಿ ಚಿಕ್ಕದು ಮಾಡುತ್ತಾರೆ. ಪಕ್ಕದ ದೋಣಿ ಅದೇ ಗಾಳಿಯಲ್ಲಿ ಪೂರ್ತಿ ಹಾಯಿ ಬಿಚ್ಚಿ ಆರಾಮಾಗಿ ಹೋಗುತ್ತಿರುತ್ತದೆ.

ಪರೀಕ್ಷೆ ಸುಲಭ. ಸಾಧಾರಣ ಗಾಳಿಯಲ್ಲಿ, ಗಾಳಿಗೆ ಎದುರಾಗಿ ಓರೆಯಲ್ಲಿ ಸಾಗುವಾಗ, ಬೂಮ್‌ನ ನಡುಭಾಗದ ಕೆಳಗೆ ಅಂಗಾತ ಮಲಗಿ. ಮೇಲಕ್ಕೆ ನೋಡಿ ಫೋಟೋ ತೆಗೆಯಿರಿ. ಅಡ್ಡ ಹೊಲಿಗೆಗಳು ಬಾಗಿ ಕಾಣುತ್ತವೆ. ಮನೆಗೆ ಬಂದು ಒಂದು ಹೊಲಿಗೆಯ ಎರಡು ತುದಿಗೆ ಸ್ಕೇಲ್ ಇಟ್ಟು ಗೆರೆ ಎಳೆದರೆ ಆಳವೂ ಗೊತ್ತಾಗುತ್ತದೆ, ಜಾಗವೂ ಗೊತ್ತಾಗುತ್ತದೆ. ಅತಿ ಆಳದ ಜಾಗ ಅರ್ಧಕ್ಕಿಂತ ಹಿಂದೆ ಹೋಗಿದ್ದು, ಹ್ಯಾಲ್ಯಾರ್ಡ್ ಬಿಗಿ ಮಾಡಿದರೂ ಮುಂದೆ ಬರುತ್ತಿಲ್ಲವೆಂದರೆ ಹಾಯಿ ಮುದಿಯಾಗಿದೆ.

ಬಟ್ಟೆಯ ಗಟ್ಟಿತನ ಬೇರೆ ವಿಷಯ. ಹಾಯಿಯ ದೊಡ್ಡ ಶತ್ರು ಬಿರುಗಾಳಿಯಲ್ಲ, ಬಿಸಿಲು. ಬಿಸಿಲಿನ ಅತಿನೇರಳೆ ಕಿರಣ ಪಾಲಿಯೆಸ್ಟರ್ ಎಳೆಯನ್ನು ದುರ್ಬಲ ಮಾಡುತ್ತದೆ. ಮೊದಲು ಸಾಯುವುದು ಹೊಲಿಗೆ. ದಾರ ಬಟ್ಟೆಯ ಮೇಲೆ ಎದ್ದು ನಿಂತಿರುತ್ತದೆ, ಬಿಸಿಲೂ ಉಜ್ಜಾಟವೂ ಅದಕ್ಕೇ ಜಾಸ್ತಿ. ಲೀಚ್ ಹತ್ತಿರದ ಒಂದು ಹೊಲಿಗೆಯನ್ನು ಉಗುರಿನಿಂದ ಕೆರೆಯಿರಿ. ದಾರ ಪುಡಿಪುಡಿಯಾಗಿ ಬಂದರೆ ಹೊಲಿಗೆ ಹೋಗಿದೆ ಅಂತ ಅರ್ಥ. ಬಟ್ಟೆ ಇನ್ನೂ ಗಟ್ಟಿಯಿದ್ದರೆ ಮರುಹೊಲಿಗೆ ಸಾಕು. ಬಟ್ಟೆಯೇ ಕೈಯಲ್ಲಿ ಎಳೆದರೆ ಹರಿಯುವಂತಿದ್ದರೆ ಅದರ ಮೇಲೆ ಒಂದು ಕಾಸೂ ಹಾಕಬೇಡಿ. ಇವೆರಡರ ನಡುವೆ ಇನ್ನೊಂದು ಸ್ಥಿತಿ ಇದೆ: ಬಟ್ಟೆ ಗಟ್ಟಿ, ಆಕಾರ ಮಾತ್ರ ಕೆಟ್ಟಿದೆ. ಹೊಲಿಯುವವರು ಲಫ್ ಕಡೆ ಸ್ವಲ್ಪ ಬಟ್ಟೆ ತೆಗೆದು ಹೊಟ್ಟೆ ಇಳಿಸಬಲ್ಲರು. ಹೊಸ ಹಾಯಿ ಬೇಕು ಅಂತ ಹೋದಾಗ ‘ಇದನ್ನೇ ಸರಿ ಮಾಡಬಹುದು’ ಅನ್ನುವವರು ಸಿಕ್ಕರೆ ಅವರನ್ನು ಬಿಡಬೇಡಿ.

ಟೇಪು ಹಿಡಿದು ದೋಣಿಗೆ

ಹಾಯಿ ಲೋಕದಲ್ಲಿ ನಾಲ್ಕು ಅಕ್ಷರಗಳು ಎಲ್ಲ ಕಡೆ ಓಡಾಡುತ್ತವೆ: ಐ, ಜೆ, ಪಿ, ಇ. ಮೇನ್‌ಸೇಲ್ ಮಾಸ್ಟ್ ಉದ್ದಕ್ಕೂ ಎಷ್ಟು ಎತ್ತರ ಏರಬಹುದೋ ಅದು ಪಿ. ಬೂಮ್ ಉದ್ದಕ್ಕೂ ಎಷ್ಟು ಹಿಂದಕ್ಕೆ ಹೋಗಬಹುದೋ ಅದು ಇ. ಡೆಕ್ಕಿನಿಂದ ಮುಂದಿನ ಹಾಯಿಯ ಹ್ಯಾಲ್ಯಾರ್ಡ್ ಇರುವ ಜಾಗದವರೆಗಿನ ಎತ್ತರ ಐ. ಮಾಸ್ಟ್‌ನ ಮುಂಭಾಗದಿಂದ ಫೋರ್‌ಸ್ಟೇ ಬುಡದವರೆಗೆ ಡೆಕ್ಕಿನ ಮೇಲಿನ ದೂರ ಜೆ. ಪಿ 11 ಮೀಟರ್, ಇ 4 ಮೀಟರ್ ಇದ್ದರೆ ಆ ತ್ರಿಕೋನದ ವಿಸ್ತೀರ್ಣ 22 ಚದರ ಮೀಟರ್. ಲೀಚ್ ನೇರ ಗೆರೆಗಿಂತ ಹೊರಗೆ ಉಬ್ಬಿರುವುದರಿಂದ ನಿಜವಾದ ಹಾಯಿ ಇನ್ನೂ ಸ್ವಲ್ಪ ದೊಡ್ಡದಾಗುತ್ತದೆ.

ಈ ನಾಲ್ಕೂ ಅಂಕಿಗಳು ದೋಣಿ ಕಟ್ಟಿದ ಕಂಪನಿಯ ಕಾಗದದಲ್ಲಿ ಸಿಗುತ್ತವೆ. ದರ ಕೇಳುವುದಕ್ಕೆ ಅಷ್ಟು ಸಾಕು, ಬಟ್ಟೆ ಕತ್ತರಿಸುವುದಕ್ಕೆ ಸಾಲದು. ಒಂದೇ ಅಚ್ಚಿನ ಎರಡು ದೋಣಿಗಳಲ್ಲೂ ವ್ಯತ್ಯಾಸ ಇರುತ್ತದೆ. ಹಿಂದಿನ ಮಾಲೀಕರು ಬೂಮ್ ಬದಲಿಸಿರಬಹುದು, ಫೋರ್‌ಸ್ಟೇ ಬೇರೆ ಉದ್ದದ್ದು ಹಾಕಿಸಿರಬಹುದು, ಮುಂದಿನ ಹಾಯಿಯನ್ನು ಸುತ್ತುವ ಯಂತ್ರ ಕೂರಿಸಿರಬಹುದು.

ಪಿ ಅಳೆಯುವುದನ್ನೇ ನೋಡೋಣ. ಗಾಳಿಯಿಲ್ಲದ ಬೆಳಿಗ್ಗೆ ಆರಿಸಿಕೊಳ್ಳಿ, ಟೇಪು ಪಟಪಟ ಬಡಿಯುತ್ತಿದ್ದರೆ ಅಳತೆ ಸುಳ್ಳಾಗುತ್ತದೆ. ಸ್ಟೀಲ್ ಟೇಪಿನ ತುದಿಯನ್ನು ಮೇನ್‌ಸೇಲ್ ಹ್ಯಾಲ್ಯಾರ್ಡ್‌ನ ಕೊಂಡಿಗೆ ಸಿಕ್ಕಿಸಿ. ಅದೇ ಕೊಂಡಿಗೆ ಒಂದು ತೆಳು ಹಗ್ಗವನ್ನೂ ಕಟ್ಟಿ. ಇದನ್ನು ಮರೆತರೆ ಕೊಂಡಿ ಮಾಸ್ಟ್ ತುದಿಯಲ್ಲೇ ಉಳಿದು, ಅದನ್ನು ತರಲು ಯಾರಾದರೂ ಮೇಲೆ ಹತ್ತಬೇಕಾಗುತ್ತದೆ. ಹಾಯಿ ಎಷ್ಟು ಎತ್ತರ ಏರಬಹುದೋ ಅಲ್ಲಿಯವರೆಗೆ ಎಳೆಯಿರಿ. ಮಾಸ್ಟ್ ಮೇಲೆ ಕಪ್ಪು ಪಟ್ಟಿ ಇದ್ದರೆ ಅದೇ ಗಡಿ. ಕೆಳಗೆ, ಹಾಯಿಯ ಮೂಲೆ ಸಿಕ್ಕಿಸುವ ಪಿನ್ ಹತ್ತಿರ ಅಂಕಿ ಓದಿ. ಪೂರ್ತಿ ಇಳಿಸಿ, ಮತ್ತೆ ಏರಿಸಿ, ಮತ್ತೆ ಓದಿ. ಎರಡು ಅಂಕಿ ಹೊಂದದಿದ್ದರೆ ಮೂರನೇ ಸಲ. ಟೇಪಿನ ಮೊದಲ ಕೆಲವು ಸೆಂಟಿಮೀಟರ್ ಕೊಂಡಿಯಲ್ಲಿ ಎಲ್ಲಿಂದ ಶುರುವಾಗಿತ್ತು ಅನ್ನುವುದನ್ನೂ ಬರೆದಿಡಿ. ತಪ್ಪುಗಳು ಅಡಗಿರುವುದು ಅಲ್ಲೇ.

ಟೇಪನ್ನು ಇಳಿಸುವ ಮುಂಚೆ ಇನ್ನೊಂದು ಕೆಲಸ. ಹ್ಯಾಲ್ಯಾರ್ಡನ್ನು ಮಾಸ್ಟ್ ಬುಡಕ್ಕೆ ಬಿಗಿಯಾಗಿ ಎಳೆದು ಹಿಡಿಯಿರಿ. ಅದು ನೇರ ಗೆರೆ. ಮಾಸ್ಟ್ ಅಷ್ಟು ನೇರವಿರುವುದಿಲ್ಲ, ನಡುವೆ ಸ್ವಲ್ಪ ಮುಂದಕ್ಕೆ ಬಾಗಿರುತ್ತದೆ. ಆ ಸಂದು ಎಷ್ಟಿದೆ ಅಂತ ಕಣ್ಣಳತೆಯಲ್ಲಾದರೂ ಬರೆದುಕೊಳ್ಳಿ, ಫೋಟೋ ತೆಗೆದರೆ ಇನ್ನೂ ಒಳ್ಳೆಯದು. ಹಾಯಿಯ ಲಫ್ ಕತ್ತರಿಸುವಾಗ ಈ ಬಾಗಿಗೆ ಸರಿಯಾಗಿ ಬಟ್ಟೆ ಬಿಡುತ್ತಾರೆ. ಮಾಸ್ಟ್ ಬಾಗಿದ್ದು, ಹಾಯಿ ನೇರ ಮಾಸ್ಟ್‌ಗೆ ಕತ್ತರಿಸಿದ್ದಾದರೆ ನಡುವೆ ಬಟ್ಟೆ ಸಾಲದೆ ಹಿಂದಿನ ಮೂಲೆಯಿಂದ ಮಾಸ್ಟ್ ಕಡೆಗೆ ಓರೆ ಸುಕ್ಕುಗಳು ಬೀಳುತ್ತವೆ. ಉಲ್ಟಾ ಆದರೆ ಹೊಚ್ಚ ಹೊಸ ಹಾಯಿಗೇ ದೊಡ್ಡ ಹೊಟ್ಟೆ.

ಆಮೇಲೆ ಸಣ್ಣ ಸಣ್ಣ ಅಳತೆಗಳು. ಮುಂದಿನ ಕೆಳಮೂಲೆಯ ಪಿನ್ ಮಾಸ್ಟ್‌ನ ಹಿಂಭಾಗದಿಂದ ಎಷ್ಟು ಹಿಂದಿದೆ, ಬೂಮ್‌ನಿಂದ ಎಷ್ಟು ಮೇಲಿದೆ. ಲಫ್ ಅನ್ನು ಮಾಸ್ಟ್‌ಗೆ ಹಿಡಿದಿಡಲು ಮಾಸ್ಟ್‌ನ ಕೊರಕಲಿನಲ್ಲಿ ಜಾರುವ ಬಿಲ್ಲೆಗಳು ಯಾವ ಆಕಾರದವು, ಎಷ್ಟು ದಪ್ಪ. ಇವನ್ನು ಅಳೆದು ಬರೆಯುವುದಕ್ಕಿಂತ ಒಂದು ಬಿಲ್ಲೆಯನ್ನೇ ಕಿತ್ತು ಕಳಿಸುವುದು ಲೇಸು. ಒಂದು ಮಿಲಿಮೀಟರ್ ದಪ್ಪವಾದರೂ ಕೊರಕಲಿನಲ್ಲಿ ಸಿಕ್ಕಿಕೊಳ್ಳುತ್ತದೆ, ತೆಳುವಾದರೆ ಗಾಳಿಯಲ್ಲಿ ಕಿತ್ತು ಬರುತ್ತದೆ. ಹಳೇ ಹಾಯಿ ಉಪಯೋಗಕ್ಕೆ ಬರುವುದು ಇಂಥ ಕಡೆ. ಬಿಲ್ಲೆಗಳ ನಡುವಿನ ಅಂತರ, ಮೂಲೆಯ ಉಂಗುರಗಳ ಜಾಗ, ಎಲ್ಲಿ ಉಜ್ಜಿ ಸವೆದಿದೆ, ಇವೆಲ್ಲ ಅದರಲ್ಲಿ ಅಚ್ಚಾಗಿರುತ್ತವೆ. ಆದ್ದರಿಂದ ಅದನ್ನೂ ಕಳಿಸಿ, ಉದ್ದದ ಅಳತೆಗೆ ಮಾತ್ರ ನಂಬಬೇಡಿ ಅಂತ ಬರೆದು ಕಳಿಸಿ.

ಮುಂದಿನ ಹಾಯಿಯನ್ನು ಫೋರ್‌ಸ್ಟೇ ಸುತ್ತ ಸುರುಳಿ ಸುತ್ತಿಡುವ ರೋಲರ್ ಫರ್ಲರ್ ಇದ್ದರೆ ಅಳತೆ ಬೇರೆ. ಕೆಳಗೆ ಹಾಯಿ ಸಿಕ್ಕಿಸುವ ಕೊಂಡಿಯಿಂದ ಮೇಲೆ ತಿರುಗುಣಿ (ಹಾಯಿಯ ತಲೆ ಸಿಕ್ಕಿಸುವ, ಹಾಯಿಯ ಜೊತೆ ತಿರುಗುವ ಕೊಂಡಿ) ತಲುಪಬಹುದಾದ ಎತ್ತರದವರೆಗೆ ಅಳೆಯಬೇಕು. ಹಾಯಿ ಗಿಡ್ಡವಾಗಿ ತಿರುಗುಣಿ ಕೆಳಗೇ ಉಳಿದರೆ ಸುತ್ತುವಾಗ ಹ್ಯಾಲ್ಯಾರ್ಡ್ ಕೂಡ ಫೋರ್‌ಸ್ಟೇಗೆ ಸುತ್ತಿಕೊಳ್ಳುತ್ತದೆ. ಆಗ ಹಾಯಿ ಬಿಚ್ಚುವುದೂ ಇಲ್ಲ, ಮುಚ್ಚುವುದೂ ಇಲ್ಲ. ಬೇಕೆಂದೇ ಗಿಡ್ಡ ಹಾಯಿ ಮಾಡಿಸುವುದಾದರೆ ಅದರ ತಲೆಗೆ ಒಂದು ತುಂಡು ಹಗ್ಗ ಸೇರಿಸಿ ತಿರುಗುಣಿಯನ್ನು ಮೇಲಕ್ಕೆ ಕಳಿಸುತ್ತಾರೆ. ಹಾಯಿಯ ಹಿಂದಿನ ಮೂಲೆಯನ್ನು ಎಳೆಯುವ ಹಗ್ಗ ಹಾದುಹೋಗುವ ಹಳಿ ಡೆಕ್ಕಿನ ಮೇಲೆ ಎಲ್ಲಿಂದ ಎಲ್ಲಿಯವರೆಗಿದೆ ಅನ್ನುವುದನ್ನೂ ತಿಳಿಸಿ. ಹಿಂದಿನ ಮೂಲೆ ಎಷ್ಟು ಎತ್ತರದಲ್ಲಿರಬೇಕು ಅನ್ನುವುದು ಅದರ ಮೇಲೆ ನಿಂತಿದೆ.

ಬಟ್ಟೆಯ ಮಾತು

ಎಲ್ಲರೂ ಮೊದಲು ಕೇಳುವುದು ಬಟ್ಟೆಯ ಬಗ್ಗೆ. ನಾನು ಬೇಕೆಂದೇ ಇಲ್ಲಿಯವರೆಗೆ ತಳ್ಳಿದ್ದೇನೆ.

ಹಿಂದೆ ಹಾಯಿಗಳನ್ನು ಅಗಸೆ ನಾರಿನಿಂದ ನೇಯುತ್ತಿದ್ದರು. 1851ರಲ್ಲಿ ‘ಅಮೆರಿಕಾ’ ಅನ್ನುವ ದೋಣಿ ಇಂಗ್ಲೆಂಡಿನ ದೋಣಿಗಳನ್ನು ಅವರ ನೀರಿನಲ್ಲೇ ಸೋಲಿಸಿದಾಗ ಅದಕ್ಕೆ ಒತ್ತಾಗಿ ನೇಯ್ದ ಹತ್ತಿಯ ಹಾಯಿಗಳಿದ್ದವು. ಎದುರಾಳಿಗಳ ಅಗಸೆ ಹಾಯಿಗಳಿಗಿಂತ ಅವು ಚಪ್ಪಟೆಯಾಗಿ ನಿಲ್ಲುತ್ತಿದ್ದವು. ಬಟ್ಟೆ ಹಿಗ್ಗದಿದ್ದರೆ ಗೆಲುವು ಅನ್ನುವ ಪಾಠ ಅಷ್ಟು ಹಳೆಯದು. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಪಾಲಿಯೆಸ್ಟರ್ ಎಳೆಯನ್ನು ಕಂಡುಹಿಡಿದರು. ಬ್ರಿಟನ್ನಿನಲ್ಲಿ ಅದು ಟೆರಿಲೀನ್ ಆಯಿತು, ಅಮೆರಿಕದಲ್ಲಿ ಡ್ಯುಪಾಂಟ್ ಕಂಪನಿ ಡೇಕ್ರಾನ್ ಅಂತ ಮಾರಿತು. 1950ರ ದಶಕದಲ್ಲಿ ಹತ್ತಿಯನ್ನು ಅದು ಹಿಂದೆ ಹಾಕಿತು. ಇವತ್ತಿಗೂ ಹೆಚ್ಚಿನ ಕ್ರೂಸಿಂಗ್ ಹಾಯಿಗಳು ನೇಯ್ದ ಪಾಲಿಯೆಸ್ಟರ್‌ನವೇ. ಯಾವ ಕಂಪನಿಯದ್ದಾದರೂ ಜನ ಡೇಕ್ರಾನ್ ಅಂತಲೇ ಕರೆಯುತ್ತಾರೆ.

ಒಂದು ಕರವಸ್ತ್ರ ತೆಗೆದುಕೊಳ್ಳಿ. ಎಳೆಯ ನೇರಕ್ಕೆ ಎಳೆದು ನೋಡಿ, ಹಿಗ್ಗುವುದಿಲ್ಲ. ಎದುರುಬದುರು ಮೂಲೆ ಹಿಡಿದು ಓರೆಯಾಗಿ ಎಳೆಯಿರಿ, ಸಲೀಸಾಗಿ ಹಿಗ್ಗುತ್ತದೆ. ಹಾಯಿ ಹೊಲಿಯುವವರ ಇಡೀ ಚಿಂತೆ ಇದೇ: ಬಲ ಬೀಳುವ ದಿಕ್ಕಿಗೆ ಎಳೆಗಳನ್ನು ಹೊಂದಿಸುವುದು. ಹಾಯಿಯಲ್ಲಿ ಅತಿ ಹೆಚ್ಚು ಬಲ ಬೀಳುವುದು ಲೀಚ್ ಉದ್ದಕ್ಕೆ. ಹಾಗಾಗಿ ಬಟ್ಟೆಯ ಪಟ್ಟಿಗಳನ್ನು ಲೀಚ್‌ಗೆ ಅಡ್ಡಲಾಗಿ ಇಟ್ಟು ಹೊಲಿಯುತ್ತಾರೆ. ಆಗ ಹೊಕ್ಕಿನ ಎಳೆಗಳು, ಅಂದರೆ ಪಟ್ಟಿಯ ಅಗಲಕ್ಕೆ ಓಡುವ ಎಳೆಗಳು, ಲೀಚ್ ಉದ್ದಕ್ಕೆ ಬರುತ್ತವೆ. ಇದಕ್ಕೆ ಕ್ರಾಸ್‌ಕಟ್ ಅನ್ನುತ್ತಾರೆ. ಇದಕ್ಕೆಂದೇ ನೇಯ್ದ ಬಟ್ಟೆಯಲ್ಲಿ ಹೊಕ್ಕು ನೇರವಾಗಿ, ಬಿಗಿಯಾಗಿ ಇರುತ್ತದೆ. ಪಟ್ಟಿಯ ಉದ್ದಕ್ಕೆ ಓಡುವ ಹಾಸಿನ ಎಳೆಗಳು ಅದರ ಮೇಲೂ ಕೆಳಗೂ ಬಳುಕಿಕೊಂಡು ಹೋಗುತ್ತವೆ.

ಇನ್ನೊಂದು ಬಗೆ ಟ್ರೈರೇಡಿಯಲ್. ಇದರಲ್ಲಿ ಪಟ್ಟಿಗಳು ಮೂರೂ ಮೂಲೆಗಳಿಂದ ಬೀಸಣಿಗೆಯಂತೆ ಹರಡುತ್ತವೆ, ಬಲವನ್ನು ಹಾಸಿನ ಎಳೆ ಹೊರುತ್ತದೆ. ಆಕಾರ ಹೆಚ್ಚು ಕಾಲ ನಿಲ್ಲುತ್ತದೆ. ಆದರೆ ತುಂಡುಗಳು ಜಾಸ್ತಿ, ಹೊಲಿಗೆ ಜಾಸ್ತಿ, ಬಟ್ಟೆ ಪೋಲಾಗುವುದೂ ಜಾಸ್ತಿ. ಬಟ್ಟೆಯನ್ನೂ ಅದಕ್ಕೆಂದೇ ನೇಯ್ದಿರಬೇಕು. ಕ್ರಾಸ್‌ಕಟ್ ಬಟ್ಟೆಯನ್ನೇ ಬೀಸಣಿಗೆಯಂತೆ ಕತ್ತರಿಸಿದರೆ ಅದು ಬರೀ ಅಲಂಕಾರ.

ಲ್ಯಾಮಿನೇಟ್ ಅನ್ನುವುದು ನೇಯ್ಗೆಯೇ ಅಲ್ಲ. ತೆಳು ಪ್ಲಾಸ್ಟಿಕ್ ಹಾಳೆಗೆ ಬಲವಾದ ಎಳೆಗಳನ್ನು ಅಂಟಿಸಿ ಮಾಡಿದ್ದು. ಹಗುರ, ಹಿಗ್ಗುವುದು ತೀರಾ ಕಡಿಮೆ. ಆದರೆ ಪದರಗಳ ನಡುವೆ ತೇವ ಸೇರಿದರೆ ಬೂಸಲು ಹಿಡಿಯುತ್ತದೆ, ತೊಳೆದರೂ ಹೋಗದು. ಒಂದು ದಿನ ಪದರಗಳು ಬಿಟ್ಟುಕೊಳ್ಳುತ್ತವೆ. ಡೇಕ್ರಾನ್ ಮೆಲ್ಲಗೆ ಮುದಿಯಾಗುತ್ತದೆ. ಲ್ಯಾಮಿನೇಟ್ ಕೊನೆಯವರೆಗೆ ಚೆನ್ನಾಗಿದ್ದು ಒಮ್ಮೆಲೇ ಕೈಕೊಡುತ್ತದೆ. ಇವೆರಡರ ನಡುವೆ, ಪಾಲಿಯೆಸ್ಟರ್ ನೇಯ್ಗೆಯೊಳಗೆ ಡೈನೀಮಾ ತರಹದ ಗಟ್ಟಿ ಎಳೆಗಳನ್ನು ಸೇರಿಸಿದ ಬಟ್ಟೆಗಳಿವೆ. ಹೈಡ್ರಾನೆಟ್ ಅಂಥದ್ದೊಂದು. ದೂರದ ಸಾಗರಯಾನದವರು ಇಷ್ಟಪಡುತ್ತಾರೆ, ಬೆಲೆಯೂ ಹಾಗೇ ಇದೆ.

ನನ್ನನ್ನು ಕೇಳಿದರೆ, ಹೆಚ್ಚಿನ ಕ್ರೂಸಿಂಗ್ ದೋಣಿಗಳಿಗೆ ಒಳ್ಳೆಯ ದರ್ಜೆಯ ಡೇಕ್ರಾನ್, ಕ್ರಾಸ್‌ಕಟ್ ಸಾಕು. ದುಡ್ಡು ಹೆಚ್ಚಿದ್ದರೆ ಡೇಕ್ರಾನ್‌ನಲ್ಲೇ ಮೇಲಿನ ದರ್ಜೆಗೆ ಹೋಗಿ. ದರ್ಜೆಯ ವ್ಯತ್ಯಾಸ ದೊಡ್ಡದು. ಅಗ್ಗದ ಬಟ್ಟೆಯಲ್ಲಿ ನೇಯ್ಗೆ ಸಡಿಲ, ಆ ಸಡಿಲವನ್ನು ಮುಚ್ಚಲು ರಾಳ ತುಂಬಿರುತ್ತಾರೆ. ಹೊಸದರಲ್ಲಿ ಗರಿಗರಿಯಾಗಿ ಚೆನ್ನಾಗೇ ಇರುತ್ತದೆ. ಗಾಳಿಯಲ್ಲಿ ನಾಲ್ಕು ಸಲ ಪಟಪಟಿಸಿದ ಮೇಲೆ ರಾಳ ಒಡೆಯುತ್ತದೆ, ಬಟ್ಟೆ ಜೋಲುತ್ತದೆ. ಮಾದರಿ ತುಂಡು ಕೊಡಿ ಅಂತ ಕೇಳಿ. ಅದನ್ನು ಮುದುಡಿ, ಎರಡೂ ಕೈಯಲ್ಲಿ ಚೆನ್ನಾಗಿ ಉಜ್ಜಿ, ಆಮೇಲೆ ಓರೆಯಾಗಿ ಎಳೆದು ನೋಡಿ. ಉಜ್ಜುವ ಮೊದಲಿಗೂ ಆಮೇಲಿಗೂ ಎಷ್ಟು ವ್ಯತ್ಯಾಸ ಅನ್ನುವುದೇ ಆ ಬಟ್ಟೆಯ ಜಾತಕ.

ತೂಕದ ಲೆಕ್ಕ ಸ್ವಲ್ಪ ವಿಚಿತ್ರ. ‘8 ಔನ್ಸ್ ಬಟ್ಟೆ’ ಅಂದರೆ 36 ಇಂಚು ಉದ್ದ, 28.5 ಇಂಚು ಅಗಲದ ತುಂಡು 8 ಔನ್ಸ್ ತೂಗುತ್ತದೆ ಅಂತ. ಒಂದು ಔನ್ಸ್ ಅಂದರೆ ಚದರ ಮೀಟರ್‌ಗೆ ಸುಮಾರು 43 ಗ್ರಾಂ, ಹಾಗಾಗಿ 8 ಔನ್ಸ್ ಅಂದರೆ ಸುಮಾರು 340 ಗ್ರಾಂ. ದಪ್ಪಗಿದ್ದಷ್ಟೂ ಒಳ್ಳೆಯದು ಅನ್ನಬೇಡಿ. ತೀರಾ ದಪ್ಪದ ಹಾಯಿ ಮಂದ ಗಾಳಿಯಲ್ಲಿ ಆಕಾರಕ್ಕೇ ಬರುವುದಿಲ್ಲ, ಮಡಚಲು ಇಬ್ಬರು ಸಾಲದು. ತೂಕ ನಿರ್ಧರಿಸುವಾಗ ದೋಣಿಯ ಉದ್ದದ ಜೊತೆ ಭಾರವನ್ನೂ ನೋಡಬೇಕು. ಹಗುರ ದೋಣಿ ಗಾಳಿಗೆ ವಾಲಿ ಬಲವನ್ನು ಬಿಟ್ಟುಕೊಡುತ್ತದೆ. ಭಾರದ ದೋಣಿ ವಾಲದೆ ನಿಲ್ಲುತ್ತದೆ, ಆ ಬಲವನ್ನೆಲ್ಲ ಹಾಯಿಯೇ ತಿನ್ನಬೇಕು. ಎರಡು ಒಡಲಿನ ಕ್ಯಾಟಮರಾನ್ ವಾಲುವುದು ತೀರಾ ಕಡಿಮೆ, ಅದಕ್ಕೆ ಇನ್ನೂ ಗಟ್ಟಿ ಹಾಯಿ ಬೇಕು.

ಮೇನ್‌ಸೇಲ್: ಪಟ್ಟಿ, ರೀಫು

ಲೀಚ್ ಹೊರಗೆ ಉಬ್ಬಿದ ಭಾಗ ಮಡಚಿ ಬೀಳದಂತೆ ಹಾಯಿಯ ಜೇಬುಗಳಲ್ಲಿ ಬಳುಕುವ ಪಟ್ಟಿಗಳನ್ನು ಸೇರಿಸುತ್ತಾರೆ. ಅವು ಬ್ಯಾಟನ್. ಗಿಡ್ಡ ಬ್ಯಾಟನ್ ಅಗ್ಗ, ಹಗುರ. ಲೀಚ್‌ನಿಂದ ಮಾಸ್ಟ್‌ವರೆಗೆ ಪೂರ್ತಿ ಉದ್ದದ ಬ್ಯಾಟನ್ ಹಾಕಿದರೆ ಹಾಯಿ ಪಟಪಟಿಸುವುದು ಕಡಿಮೆ, ಇಳಿಸಿದಾಗ ಬೂಮ್ ಮೇಲೆ ತಾನೇ ಮಡಚಿ ಕೂರುತ್ತದೆ. ಆದರೆ ಅವು ಮಾಸ್ಟ್ ಕಡೆಗೆ ಒತ್ತುವುದರಿಂದ ಸಾಧಾರಣ ಬಿಲ್ಲೆಗಳು ಸಿಕ್ಕಿಕೊಳ್ಳುತ್ತವೆ. ಬಿಲ್ಲೆಗಳ ಬದಲು ಮಾಸ್ಟ್‌ಗೆ ಹಳಿ, ಅದರ ಮೇಲೆ ಓಡುವ ಪುಟ್ಟ ಗಾಡಿಗಳು ಬೇಕಾಗಬಹುದು. ಆ ಖರ್ಚನ್ನು ಮೊದಲೇ ಕೇಳಿಕೊಳ್ಳಿ. ಮೇಲಿನ ಎರಡು ಪೂರ್ತಿ, ಕೆಳಗಿನ ಎರಡು ಗಿಡ್ಡ ಅನ್ನುವ ನಡುದಾರಿಯೂ ಇದೆ, ನನಗೆ ಅದೇ ಇಷ್ಟ. ಮಾಸ್ಟ್ ಒಳಗೇ ಸುತ್ತಿಕೊಳ್ಳುವ ಮೇನ್‌ಸೇಲ್ ಆದರೆ ಅಡ್ಡ ಬ್ಯಾಟನ್‌ಗೆ ಜಾಗವೇ ಇಲ್ಲ, ಲೀಚನ್ನು ಒಳಕ್ಕೆ ಕೊರೆದು ಕತ್ತರಿಸುತ್ತಾರೆ. ವಿಸ್ತೀರ್ಣ ಕಡಿಮೆಯಾಗುತ್ತದೆ. ಅನುಕೂಲಕ್ಕೆ ಕೊಟ್ಟ ಬೆಲೆ ಅದು.

ರೀಫ್ ಅಂದರೆ ಗಾಳಿ ಹೆಚ್ಚಾದಾಗ ಹಾಯಿಯ ಕೆಳಭಾಗವನ್ನು ಬೂಮ್‌ಗೆ ಇಳಿಸಿ ಕಟ್ಟಿ ಚಿಕ್ಕದು ಮಾಡುವುದು. ಗಾಳಿಯ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 10 ನಾಟ್ (ಕಡಲಲ್ಲಿ ವೇಗದ ಅಳತೆ) ಗಾಳಿ 20 ಆದರೆ ಬಲ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಎಷ್ಟು ರೀಫ್ ಬೇಕು, ಎಷ್ಟು ಎತ್ತರದಲ್ಲಿ ಅನ್ನುವುದನ್ನು ನೀವೇ ಹೇಳಬೇಕು. ಹೇಳದಿದ್ದರೆ ರೂಢಿಯಂತೆ ಹಾಕಿ ಕೊಡುತ್ತಾರೆ. ಸಾಮಾನ್ಯವಾಗಿ ಒಂದೊಂದು ರೀಫ್ ಲಫ್‌ನ 12-15% ತೆಗೆಯುತ್ತದೆ. ದಡದ ಹತ್ತಿರ ಓಡಾಡುವವರಿಗೆ ಎರಡು ಸಾಕು, ಆದರೆ ಎರಡನೆಯದು ಮಾಮೂಲಿಗಿಂತ ಆಳವಾಗಿರಲಿ. ಗಾಳಿ ಜೋರಾದಾಗ ಒಂದೇ ಸಲಕ್ಕೆ ಕೆಲಸ ಮುಗಿಯುತ್ತದೆ. ದೂರ ಹೋಗುವವರು ಮೂರು ಹಾಕಿಸಲಿ. ಬೂಮ್‌ನಲ್ಲಿ ಮೂರನೇ ಹಗ್ಗ ಹಾಯಲು ಜಾಗ ಇದೆಯಾ ಅಂತ ಮೊದಲು ನೋಡಿ.

ಮುಂದಿನ ಹಾಯಿ: ಎಷ್ಟು ದೊಡ್ಡದು?

ಜೆನೋವಾದ ಗಾತ್ರವನ್ನು ಶೇಕಡಾ ಲೆಕ್ಕದಲ್ಲಿ ಹೇಳುತ್ತಾರೆ. ಹಿಂದಿನ ಮೂಲೆಯಿಂದ ಲಫ್‌ಗೆ ಲಂಬವಾಗಿ ಎಳೆದ ಗೆರೆ ಜೆ ಉದ್ದದ ಎಷ್ಟು ಪಾಲು ಅನ್ನುವುದೇ ಅದು. ಜೆ 4 ಮೀಟರ್, ಹಾಯಿ 135% ಅಂದರೆ ಆ ಗೆರೆ 5.4 ಮೀಟರ್. 150% ಇದ್ದವರು ಹೊಸದಕ್ಕೂ ಅದನ್ನೇ ಕೇಳುತ್ತಾರೆ. ಸ್ವಲ್ಪ ಯೋಚಿಸಿ. ಸುತ್ತಿ ಚಿಕ್ಕದು ಮಾಡಿದಾಗ ಹಾಯಿ ತನ್ನ ಗಾತ್ರದಲ್ಲಿ ಮೂರನೇ ಒಂದು ಪಾಲಿನಷ್ಟು ಕಳೆದುಕೊಳ್ಳುವವರೆಗೆ ಹೇಗೋ ಆಕಾರ ಉಳಿಸಿಕೊಳ್ಳುತ್ತದೆ, ಆಮೇಲೆ ಚೀಲವಾಗುತ್ತದೆ. ದೊಡ್ಡದರಿಂದ ಶುರು ಮಾಡಿದರೆ ಜೋರು ಗಾಳಿಗೆ ಬೇಕಾದ ಚಿಕ್ಕ ಹಾಯಿ ಸಿಗುವುದೇ ಇಲ್ಲ. ಇಬ್ಬರೇ ಇರುವ ದೋಣಿಗೆ 130ರ ಆಸುಪಾಸು ಹದವಾದ ಗಾತ್ರ. ಲಫ್ ಉದ್ದಕ್ಕೆ ಒಳಗೆ ಫೋಮ್ ಪಟ್ಟಿ ಹಾಕಿಸಿ. ಸುತ್ತುವಾಗ ನಡುಭಾಗ ದಪ್ಪಗೆ ಸುತ್ತಿಕೊಂಡು ಹೊಟ್ಟೆಯ ಬಟ್ಟೆಯನ್ನು ಎಳೆದುಕೊಳ್ಳುತ್ತದೆ. ಹಿಂದಿನ ಮೂಲೆ ಸ್ವಲ್ಪ ಎತ್ತರಕ್ಕಿರಲಿ, ಹಾಯಿಯ ಕೆಳಗೆ ಎದುರಿನ ದೋಣಿ ಕಾಣಬೇಕು.

ಸುತ್ತಿಟ್ಟ ಹಾಯಿ ದಿನವಿಡೀ ಬಿಸಿಲಲ್ಲಿ ನಿಂತಿರುತ್ತದೆ. ಅದಕ್ಕೆ ಲೀಚ್ ಮತ್ತು ಫುಟ್ ಉದ್ದಕ್ಕೆ ಬಿಸಿಲು ತಡೆಯುವ ಬಟ್ಟೆಯ ಪಟ್ಟಿ ಹೊಲಿಯುತ್ತಾರೆ. ಸುತ್ತಿದಾಗ ಈ ಪಟ್ಟಿ ಮಾತ್ರ ಹೊರಗೆ ಕಾಣಬೇಕು. ಅದು ಹಾಯಿಯ ಎಡಮಗ್ಗುಲಿಗೋ ಬಲಮಗ್ಗುಲಿಗೋ? ನಿಮ್ಮ ಫರ್ಲರ್ ಯಾವ ಕಡೆಗೆ ತಿರುಗುತ್ತದೋ ಅದರ ಮೇಲೆ ಹೋಗುತ್ತದೆ. ನಾನು ಮೊದಲ ಸಲ ಇದನ್ನು ಹೇಳಲಿಲ್ಲ, ಹೊಲಿಯುವವರು ಕೇಳಲೂ ಇಲ್ಲ. ಹಾಯಿ ಬಂತು, ಏರಿಸಿದೆ, ಸುತ್ತಿದೆ. ನೀಲಿ ಪಟ್ಟಿ ಚೆಂದವಾಗಿ ಒಳಗೆ ಅಡಗಿತು, ಬಿಳಿ ಬಟ್ಟೆ ಪೂರ್ತಿ ಬಿಸಿಲಿಗೆ! ಕೊನೆಗೆ ಫರ್ಲರ್ ಬುಡದ ಡ್ರಮ್ಮಿಗೆ ಸುತ್ತಿದ್ದ ಹಗ್ಗವನ್ನೆಲ್ಲ ಬಿಚ್ಚಿ ಉಲ್ಟಾ ದಿಕ್ಕಿಗೆ ಸುತ್ತಿ ಸರಿಮಾಡಿಕೊಂಡೆ. ಎಲ್ಲ ಫರ್ಲರ್‌ಗಳಲ್ಲೂ ಇದು ಇಷ್ಟು ಸುಲಭವಲ್ಲ. ಹಳೇ ಹಾಯಿ ಸುತ್ತಿಟ್ಟಿರುವ ಒಂದು ಫೋಟೋ ಕಳಿಸಿದ್ದರೆ ಮುಗಿಯುತ್ತಿತ್ತು.

ದರ ಕೇಳುವಾಗ

‘ನನ್ನ ದೋಣಿಗೆ ಮೇನ್‌ಸೇಲ್ ಎಷ್ಟಾಗುತ್ತೆ?’ ಅಂತ ಮೂರು ಕಡೆ ಕೇಳಿದರೆ ಮೂರು ಬೇರೆ ಹಾಯಿಗಳ ದರ ಬರುತ್ತದೆ. ಒಬ್ಬರು ಬ್ಯಾಟನ್ ಸೇರಿಸಿರುತ್ತಾರೆ, ಒಬ್ಬರು ಬಿಟ್ಟಿರುತ್ತಾರೆ. ಒಬ್ಬರದ್ದು ಮೂರು ಸಾಲು ಹೊಲಿಗೆ, ಇನ್ನೊಬ್ಬರದ್ದು ಎರಡು. ಬಿಲ್ಲೆ, ಚೀಲ, ಬಿಸಿಲು ಪಟ್ಟಿ, ಸಾಗಣೆ, ಎಲ್ಲದರಲ್ಲೂ ಹೀಗೇ. ಆದ್ದರಿಂದ ಮೊದಲು ನಿಮ್ಮ ಕಡೆಯಿಂದ ಒಂದು ಪುಟ ಬರೆಯಿರಿ. ದೋಣಿಯ ಭಾರ, ಎಷ್ಟು ಜನ ಇರುತ್ತೀರಿ, ಎಲ್ಲಿ ಓಡಾಡುತ್ತೀರಿ, ಅಲ್ಲಿ ಸಾಮಾನ್ಯವಾಗಿ ಎಷ್ಟು ಗಾಳಿ, ಈಗಿನ ಹಾಯಿಯಲ್ಲಿ ಏನು ಸರಿಯಿಲ್ಲ, ಎಷ್ಟು ರೀಫ್ ಬೇಕು. ಅದೇ ಪುಟವನ್ನು ಎಲ್ಲರಿಗೂ ಕಳಿಸಿ. ಬರುವ ಉತ್ತರದಲ್ಲಿ ಬಟ್ಟೆ ತಯಾರಿಸಿದವರ ಹೆಸರು, ದರ್ಜೆ, ತೂಕ ಮೂರೂ ಇರಬೇಕು. ‘ಒಳ್ಳೆಯ ಕ್ವಾಲಿಟಿ ಡೇಕ್ರಾನ್’ ಅನ್ನುವುದು ಉತ್ತರವಲ್ಲ.

ಯಾರು ನಿಮಗೆ ಮರುಪ್ರಶ್ನೆ ಕೇಳುತ್ತಾರೋ ಅವರ ಕಡೆ ನನ್ನ ಒಲವು ಜಾಸ್ತಿ. ಬೂಮ್ ಎಷ್ಟು ಎತ್ತರದಲ್ಲಿದೆ, ಮೇಲೆ ನೆರಳಿನ ಚಾವಣಿಗೆ ತಾಗುತ್ತದಾ ಅಂತೆಲ್ಲ ಕೇಳುವವರು ನಿಮ್ಮ ದೋಣಿಯನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳುತ್ತಿದ್ದಾರೆ. ದೂರದಿಂದ ತರಿಸಿದರೆ ದರ ಕಡಿಮೆ ಇರಬಹುದು, ಆದರೆ ಟೇಪು ಹಿಡಿಯುವವರು ನೀವು. ಅಳತೆ ಯಾರು ತೆಗೆದರೋ ತಪ್ಪಿನ ಹೊಣೆಯೂ ಅವರದ್ದೇ. ಹೊಲಿಯುವವರೇ ದೋಣಿಗೆ ಬಂದು ಅಳೆದರೆ, ಹಾಯಿ 10 ಸೆಂಟಿಮೀಟರ್ ಉದ್ದವಾದಾಗ ಸರಿ ಮಾಡಿಕೊಡುವುದು ಅವರ ಪಾಡು. ಬರುವ ಹೆಚ್ಚಿನ ದರದಲ್ಲಿ ಈ ನೆಮ್ಮದಿಯ ಬೆಲೆಯೂ ಸೇರಿದೆ. ಮೊದಲ ಸಲ ತಿದ್ದಿಕೊಡುವುದು ದರದಲ್ಲಿ ಸೇರಿದೆಯಾ ಅಂತ ಕೇಳಿ, ಬರೆಸಿಕೊಳ್ಳಿ.

ಇನ್ನು ಯಾವಾಗ ಕೊಡಬೇಕು ಅನ್ನುವುದು. ಓಡಾಟದ ಕಾಲ ಮುಗಿದ ಕೂಡಲೇ. ಶುರುವಾಗುವ ಮುಂಚೆ ಎಲ್ಲರೂ ಒಟ್ಟಿಗೆ ಓಡಿ ಬರುತ್ತಾರೆ, ಆಗ ವಾರಗಟ್ಟಲೆ ಕಾಯಬೇಕು.

ಹಾಯಿ ಬಂದ ದಿನ

ತಂದವರು ಹೋಗುವ ಮುಂಚೆ ದುಡ್ಡು ಪೂರ್ತಿ ಕೊಟ್ಟು ಚೀಲವನ್ನು ಮೂಲೆಗೆ ಹಾಕಬೇಡಿ. ಮಂದ ಗಾಳಿಯ ದಿನ ನೋಡಿ, ದೋಣಿ ಕಟ್ಟಿದ್ದಲ್ಲೇ ಏರಿಸಿ. ತಲೆ ಮೇಲಿನ ಗಡಿ ದಾಟುತ್ತಿದೆಯಾ, ಹಿಂದಿನ ಮೂಲೆ ಬೂಮ್ ತುದಿ ದಾಟುತ್ತಿದೆಯಾ, ಪ್ರತಿಯೊಂದು ರೀಫನ್ನೂ ಒಮ್ಮೆ ಕಟ್ಟಿ ಉಂಗುರ ಕೊಕ್ಕೆಗೆ ತಲುಪುತ್ತದಾ ನೋಡಿ. ಕತ್ತಲಲ್ಲಿ, ಗಾಳಿಯಲ್ಲಿ ಇದು ಗೊತ್ತಾಗುವುದು ಬೇಡ. ಲಫ್ ಉದ್ದಕ್ಕೆ ಅಡ್ಡ ಸುಕ್ಕು ಕಂಡರೆ ಗಾಬರಿ ಬೇಡ, ಹ್ಯಾಲ್ಯಾರ್ಡ್ ಸ್ವಲ್ಪ ಬಿಗಿ ಮಾಡಿದರೆ ಹೋಗುತ್ತದೆ. ಯಾವುದನ್ನು ಎಳೆದರೂ ಹೋಗದ ಸುಕ್ಕನ್ನು ಫೋಟೋ ತೆಗೆದು ಕಳಿಸಿ.

ಮೊದಲ ಓಟಕ್ಕೆ ಒಂದು ಪೆನ್ಸಿಲ್ ಜೇಬಿನಲ್ಲಿರಲಿ. ಮಾಸ್ಟ್‌ನ ಅಡ್ಡತೋಳು ಹಾಯಿಗೆ ಎಲ್ಲಿ ಒತ್ತುತ್ತದೆ, ಮುಂದಿನ ಹಾಯಿಯ ಫುಟ್ ಡೆಕ್ಕಿನ ಕಂಬಿಗೆ ಎಲ್ಲಿ ಉಜ್ಜುತ್ತದೆ, ಅಲ್ಲಿ ಗುರುತು ಹಾಕಿ. ತೇಪೆ ಬೀಳಬೇಕಾದ ಜಾಗಗಳು ಅವು. ಅಂದಾಜಿನ ಮೇಲೆ ಮೊದಲೇ ತೇಪೆ ಹಾಕಿಸಿದರೆ ಒಂದು ಕೈ ಅಗಲ ಆಚೀಚೆ ಆಗುವುದು ಗ್ಯಾರಂಟಿ.

ಅದೇ ದಿನ, ಗಾಳಿ ಹದವಾಗಿದ್ದಾಗ, ಮತ್ತೆ ಬೂಮ್ ಕೆಳಗೆ ಮಲಗಿ ಒಂದು ಫೋಟೋ ತೆಗೆಯಿರಿ. ತಾರೀಖು, ಗಾಳಿಯ ವೇಗ ಬರೆದಿಡಿ. ಮುಂದಿನ ವರ್ಷ ಅದೇ ಜಾಗದಲ್ಲಿ ಮಲಗಿ ಇನ್ನೊಂದು ತೆಗೆದಾಗ ಪಕ್ಕದಲ್ಲಿ ಇಟ್ಟು ನೋಡುವುದಕ್ಕೆ.